ರಾಕೆಟ್‌ನಲ್ಲಿ ಒಂದು ಅಕ್ಷರಮಾಲೆ: ನಮ್ಮ ಆಬ್ಜೆಕ್ಟನ್ನು ಭಾಷೆಯ ಸ್ವಂತ ಮಾದರಿಯಂತೆ ನಡೆಸಿದ ಅನುಭವ

ರಾಕೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ‘ಕನ್ನಡ’ ಎಂಬ ಪದವನ್ನು ಸ್ಟ್ರಿಂಗ್ ಆಗಿ, ಅಂದರೆ ಸಂಕೇತಗಳ ಸಾಲಾಗಿ, ಕೊಟ್ಟು ಅದರ ಉದ್ದ ಎಷ್ಟೆಂದು ಕೇಳಿದರೆ 5 ಎನ್ನುತ್ತದೆ. ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಕೊನೆಗೆ ಡ: ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಅದು ಸರಿಯೇ. ಕಣ್ಣಿಗೆ ಕಾಣುವ ಅಕ್ಷರಗುಚ್ಛಗಳನ್ನು ಎಣಿಸಲೆಂದೇ ರಾಕೆಟ್‌ನಲ್ಲಿ ‘ಸ್ಟ್ರಿಂಗ್-ಗ್ರಾಫೀಮ್-ಕೌಂಟ್’ ಎಂಬ ಇನ್ನೊಂದು ಫಂಕ್ಷನ್ ಇದೆ. ನಾನು ಬಳಸುತ್ತಿದ್ದ ಆವೃತ್ತಿಯಲ್ಲಿ ಅದು 4 ಎಂದಿತು, ಏಕೆಂದರೆ ಅದು ‘ನ್’ ಅನ್ನು ಒಂದು ಗುಚ್ಛವಾಗಿಯೂ ಅದರ ಮುಂದಿನ ‘ನ’ ಅನ್ನು ಇನ್ನೊಂದು ಗುಚ್ಛವಾಗಿಯೂ ಕಾಣುತ್ತದೆ. ಒತ್ತಕ್ಷರವನ್ನು ಒಡೆಯಬಾರದು ಎಂಬ ನಿಯಮವನ್ನು ಯೂನಿಕೋಡ್ 2023ರ 15.1ನೇ ಆವೃತ್ತಿಯಲ್ಲಿ ಸೇರಿಸಿತಾದರೂ, ಆ ನಿಯಮ ಅನ್ವಯಿಸುವ ಲಿಪಿಗಳ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಗಳಿದ್ದವೇ ಹೊರತು ಕನ್ನಡ ಇರಲಿಲ್ಲ. ತೆಲುಗಿಗೆ ಸಿಕ್ಕಿದ್ದು ಅದರ ಒಡಹುಟ್ಟಿದ ಲಿಪಿಗೆ ಸಿಗದೆ ಹೋದದ್ದು ಕುತೂಹಲದ ಸಂಗತಿ, ಆದರೆ ಅದರ ಚರ್ಚೆ ಇಲ್ಲಿ ಬೇಡ. ನನಗೆ ಬೇಕಾಗಿದ್ದ ಉತ್ತರ 3.

ಷಟ್ಪದಿಗಳ ಮಾತ್ರೆ ಎಣಿಸುವ ಚಿಕ್ಕ ಸಾಧನವೊಂದನ್ನು ನಾನು ಬರೆಯುತ್ತಿದ್ದೆ. ಭಾಮಿನಿಯ ಸಾಮಾನ್ಯ ಸಾಲಿನಲ್ಲಿ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆ ಇರಬೇಕು. ಲಘುವಿಗೆ ಒಂದು, ಗುರುವಿಗೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬಂಥ ನಿಯಮಗಳನ್ನು ಬರೆಯಹೊರಟಾಗ ಪ್ರತಿ ಹೆಜ್ಜೆಯಲ್ಲೂ ‘ಮುಂದಿನ ಅಕ್ಷರ’, ‘ಹಿಂದಿನ ಅಕ್ಷರ’ ಎಂದು ಕೇಳಬೇಕಾಗುತ್ತದೆ. ಸ್ಟ್ರಿಂಗ್ ಆ ಪ್ರಶ್ನೆಗೆ ಉತ್ತರ ಕೊಡದು. ಹಾಗಾಗಿ ಅಕ್ಷರವನ್ನೇ ಘಟಕವಾಗಿ ಉಳ್ಳ ಒಂದು ಕ್ಲಾಸ್ (ವಸ್ತುಗಳ ಅಚ್ಚು) ಮಾಡುವುದು, ಅದರ ಆಬ್ಜೆಕ್ಟುಗಳು (ಆ ಅಚ್ಚಿನಿಂದ ಹುಟ್ಟಿದ ವಸ್ತುಗಳು) ಪರದೆಯ ಮೇಲೆ ಮುದ್ರಣಗೊಳ್ಳುವಾಗ, ಹೋಲಿಕೆಗೆ ಒಳಗಾಗುವಾಗ, ಕೀಲಿ ಕೊಟ್ಟು ಮೌಲ್ಯ ಹುಡುಕುವ ಹ್ಯಾಶ್ ಕೋಷ್ಟಕದಲ್ಲಿ ಕೀಲಿಯಾಗುವಾಗ, ‘ಫಾರ್’ ಲೂಪಿನಲ್ಲಿ ಸುತ್ತುವಾಗ ಭಾಷೆಯ ಸ್ವಂತ ಸ್ಟ್ರಿಂಗಿಗಿಂತ ಬೇರೆ ಎನಿಸದಂತೆ ಮಾಡುವುದು ಎಂದು ತೀರ್ಮಾನಿಸಿದೆ. ರಾಕೆಟ್‌ನಲ್ಲಿ ಹೆಸರುಗಳನ್ನು ಯಾವ ಲಿಪಿಯಲ್ಲಾದರೂ ಬರೆಯಬಹುದಾದ್ದರಿಂದ, ಕ್ಲಾಸಿನ ಹೆಸರಿನ ಕೊನೆಯಲ್ಲಿ ಶೇಕಡಾ ಚಿಹ್ನೆ ಹಾಕುವ ಅಲ್ಲಿನ ರೂಢಿಯನ್ನು ಪಾಲಿಸಿ, ಅದಕ್ಕೆ ‘ಅಕ್ಷರಮಾಲೆ%’ ಎಂದೇ ಹೆಸರಿಟ್ಟೆ.

ರಾಕೆಟ್ ಸ್ಕೀಮ್ ಕುಟುಂಬದ ಭಾಷೆ. 2010ರವರೆಗೆ ಅದರ ಹೆಸರು ಪಿಎಲ್‌ಟಿ ಸ್ಕೀಮ್ ಎಂದಿತ್ತು. ಫಂಕ್ಷನಲ್ ಶೈಲಿಯೇ ಅದರ ಸಹಜ ನಡೆ, ಆದರೂ ಅದರೊಳಗೆ ಪೂರ್ಣ ಪ್ರಮಾಣದ ಕ್ಲಾಸ್ ವ್ಯವಸ್ಥೆಯೊಂದಿದೆ, ಡಾಕ್ಟರ್‌ರಾಕೆಟ್ ಎಂಬ ಅದರ ಸಂಪಾದಕದ ಕಿಟಕಿಗಳೂ ಗುಂಡಿಗಳೂ ಆ ವ್ಯವಸ್ಥೆಯ ಮೇಲೆಯೇ ನಿಂತಿವೆ. ಗಮನಿಸಬೇಕಾದ್ದೇನೆಂದರೆ ಈ ಕ್ಲಾಸ್ ವ್ಯವಸ್ಥೆ ಭಾಷೆಯ ತಿರುಳಿನ ಭಾಗವಲ್ಲ. ಅದು ಸ್ಟ್ರಕ್ಟ್‌ಗಳ (ಹಲವು ಮೌಲ್ಯಗಳನ್ನು ಒಟ್ಟಿಗಿಡುವ ಸರಳ ದಾಖಲೆಗಳ) ಮೇಲೆ ಮ್ಯಾಕ್ರೋಗಳಿಂದ (ಕೋಡನ್ನು ಬರೆಯುವ ಕೋಡಿನಿಂದ) ಕಟ್ಟಿದ ಒಂದು ಲೈಬ್ರರಿ. ಆದ್ದರಿಂದ ಭಾಷೆಯ ತಿರುಳು ಒಂದು ಆಬ್ಜೆಕ್ಟನ್ನು ನೋಡುವಾಗ ಅದರ ಮೆಥಡ್‌ಗಳನ್ನು (ಕ್ಲಾಸಿನೊಳಗಿನ ಫಂಕ್ಷನ್‌ಗಳನ್ನು) ಕಾಣುವುದಿಲ್ಲ, ಒಳಗೇನಿದೆಯೆಂದು ತೋರಿಸದ ಒಂದು ಸ್ಟ್ರಕ್ಟನ್ನಷ್ಟೇ ಕಾಣುತ್ತದೆ. ‘ಉದ್ದ’ ಎಂಬ ಮೆಥಡ್ ಬರೆದುಬಿಟ್ಟರೆ ಸಾಕು, ಭಾಷೆ ತಾನಾಗಿ ಅದನ್ನು ಕಂಡುಕೊಳ್ಳುತ್ತದೆ ಎಂಬ ಪೈಥಾನ್ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ನೇರವಾಗಿ ಸ್ಟ್ರಕ್ಟನ್ನೇ ಬಳಸಬಹುದಿತ್ತಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ನನ್ನ ಬಳಿ ಅಕ್ಷರ ಬಿಡಿಸುವ ಎರಡು ಕ್ರಮಗಳಿರದಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ‘ಪೊನ್’ ಎಂಬ ಹಳಗನ್ನಡ ಪದವನ್ನು ತೆಗೆದುಕೊಳ್ಳಿ. ಬರವಣಿಗೆಯ ದೃಷ್ಟಿಯಲ್ಲಿ ಅಲ್ಲಿ ‘ಪೊ’, ‘ನ್’ ಎಂಬ ಎರಡು ಘಟಕಗಳಿವೆ. ಛಂದಸ್ಸಿನ ದೃಷ್ಟಿಯಲ್ಲಿ ಕೊನೆಯ ವ್ಯಂಜನ ಹಿಂದಿನ ಅಕ್ಷರಕ್ಕೆ ಸೇರಿಕೊಂಡು ಅದನ್ನು ಗುರುವಾಗಿಸುವುದರಿಂದ ಅಲ್ಲಿರುವುದು ಒಂದೇ ಘಟಕ. ಉಳಿದೆಲ್ಲವೂ ಒಂದೇ ಆಗಿದ್ದು ಬಿಡಿಸುವ ಮೆಥಡ್ ಮಾತ್ರ ಬದಲಾಗಬೇಕಾದಲ್ಲಿ ಕ್ಲಾಸ್, ಉಪಕ್ಲಾಸ್ ಎಂಬ ಏರ್ಪಾಡು ಹೇಳಿ ಮಾಡಿಸಿದಂತಿದೆ. ಆ ಉಪಕ್ಲಾಸಿಗೆ ‘ಪದ್ಯಸಾಲು%’ ಎಂದು ಹೆಸರಿಟ್ಟೆ.

ಬಿಡಿಸುವ ನಿಯಮದ ಮುಖ್ಯ ಭಾಗ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ನಿನಲ್ಲಿ (ಪಠ್ಯದ ವಿನ್ಯಾಸ ಹೇಳುವ ಸೂತ್ರದಲ್ಲಿ) ಮುಗಿಯಿತು: ವ್ಯಂಜನ ಮತ್ತು ಹಲಂತದ ಜೋಡಿ ಎಷ್ಟು ಬಾರಿಯಾದರೂ ಬರಲಿ, ಅದರ ನಂತರ ಒಂದು ವ್ಯಂಜನ, ಇದ್ದರೆ ಸ್ವರಚಿಹ್ನೆ, ಇದ್ದರೆ ಅನುಸ್ವಾರ ಅಥವಾ ವಿಸರ್ಗ. ‘ರ‍್ಯಾಂಕ್’ ಎಂಬಂಥ ಪದಗಳಿಗಾಗಿ ಮಾತ್ರ ಒಂದು ತಿದ್ದುಪಡಿ ಬೇಕಾಯಿತು. ಅಲ್ಲಿ ರಕಾರ ಅರ್ಕಾವತ್ತಾಗದೆ ಪೂರ್ಣರೂಪದಲ್ಲಿಯೇ ನಿಲ್ಲಲೆಂದು ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಕೂತಿರುತ್ತದೆ, ಅದನ್ನು ನಿಯಮ ಒಪ್ಪಿಕೊಳ್ಳದಿದ್ದರೆ ಪದದ ಮೊದಲ ಅಕ್ಷರವೇ ಚೂರಾಗುತ್ತದೆ.

ಆಬ್ಜೆಕ್ಟನ್ನು ಸೃಷ್ಟಿಸಿ ಸಂವಾದದ ಕಿಟಕಿಯಲ್ಲಿ ನೋಡಿದಾಗ ‘ಆಬ್ಜೆಕ್ಟ್:ಅಕ್ಷರಮಾಲೆ%’ ಎಂಬ ಹೆಸರು, ಅದರ ಮುಂದೆ ಮೂರು ಚುಕ್ಕಿ, ಅಷ್ಟೇ ಕಂಡಿತು. ಮುದ್ರಣವನ್ನು ನಮ್ಮ ಕೈಗೆ ತೆಗೆದುಕೊಳ್ಳಲು ‘ಪ್ರಿಂಟಬಲ್<%>’ ಎಂಬ ಸಿದ್ಧ ಇಂಟರ್‌ಫೇಸ್, ಅಂದರೆ ಕ್ಲಾಸು ಕೊಡಬೇಕಾದ ಮೆಥಡ್‌ಗಳ ಪಟ್ಟಿ, ಇದೆ, ಅದನ್ನು ಘೋಷಿಸಿದ ಕ್ಲಾಸು ಮೂರು ಮೆಥಡ್‌ಗಳನ್ನು ಕೊಡಬೇಕು. ‘ಡಿಸ್‌ಪ್ಲೇ’ ಮನುಷ್ಯರು ಓದುವುದಕ್ಕೆ, ‘ರೈಟ್’ ಮತ್ತೆ ಪ್ರೋಗ್ರಾಮ್ ಓದಿಕೊಳ್ಳುವುದಕ್ಕೆ, ‘ಪ್ರಿಂಟ್’ ಸಂವಾದದ ಕಿಟಕಿಗೆ. ಮೂರೂ ಕಡೆ ಒಳಗಿನ ಪಠ್ಯವನ್ನು ಸ್ಟ್ರಿಂಗ್ ಮುದ್ರಿಸುವ ರೀತಿಯಲ್ಲೇ ಮುದ್ರಿಸಿದೆ. ಉದ್ಧರಣ ಚಿಹ್ನೆಯೊಳಗೆ ‘ಕನ್ನಡ’ ಎಂದು ಕಾಣಿಸಿಕೊಂಡ ಆಬ್ಜೆಕ್ಟನ್ನು ನೋಡಿದರೆ ಅದು ಸ್ಟ್ರಿಂಗ್ ಅಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

ಆ ಏರ್ಪಾಡು ಹೆಚ್ಚು ಕಾಲ ಉಳಿಯಲಿಲ್ಲ. ಸ್ಟ್ರಿಂಗ್ ಮಾತ್ರ ಸ್ವೀಕರಿಸುವ ಒಂದು ಫಂಕ್ಷನ್ನಿಗೆ ಆಬ್ಜೆಕ್ಟ್ ಹೋಗಿ ಬಿದ್ದಾಗ ಬಂದ ದೋಷಸಂದೇಶದ ಸಾರಾಂಶ ಹೀಗಿತ್ತು: ನಿರೀಕ್ಷಿಸಿದ್ದು ಸ್ಟ್ರಿಂಗ್, ಕೊಟ್ಟದ್ದು "ಕನ್ನಡ". ದೋಷಸಂದೇಶವೂ ನನ್ನದೇ ಮುದ್ರಣ ಮೆಥಡ್ ಮೂಲಕ ಹಾದು ಬರುವುದರಿಂದ, ವೇಷ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ತಪ್ಪು ಎಲ್ಲಿದೆಯೆಂದು ಸಂದೇಶ ನೋಡಿ ಹೇಳಲಾಗುತ್ತಿರಲಿಲ್ಲ. ಅಂದಿನಿಂದ ‘ಡಿಸ್‌ಪ್ಲೇ’ ಮಾತ್ರ ಬರಿಯ ಪಠ್ಯವನ್ನು ಕೊಡುತ್ತದೆ; ಉಳಿದೆರಡು ಪಠ್ಯದ ಮುಂದೆ ಕ್ಲಾಸಿನ ಹೆಸರನ್ನೂ ಸೇರಿಸುತ್ತವೆ. ಭಾಷೆಯ ಸ್ವಂತ ಮಾದರಿಯಂತೆ ನಡೆಯಬೇಕೆಂಬ ಹಟವನ್ನು ಮುದ್ರಣದ ಮಟ್ಟಿಗೆ ಅರ್ಧದಲ್ಲಿ ಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಲಾಭವೂ ಇದರಿಂದ ಸಿಕ್ಕಿತು: ‘ಫಾರ್ಮ್ಯಾಟ್’ ಫಂಕ್ಷನ್ ತನ್ನ ಖಾಲಿ ಜಾಗಗಳನ್ನು ತುಂಬುವಾಗ ‘ಡಿಸ್‌ಪ್ಲೇ’ಯನ್ನೇ ಕರೆಯುವುದರಿಂದ, ವಾಕ್ಯಗಳ ನಡುವೆ ಅಕ್ಷರಮಾಲೆಯನ್ನು ಸೇರಿಸಲು ಬೇರೆ ಯಾವ ಪರಿವರ್ತನೆಯೂ ಬೇಕಾಗಲಿಲ್ಲ.

ಸಮಾನತೆಯ ವಿಚಾರ ಇದಕ್ಕಿಂತ ಆಳವಾದದ್ದು. ‘ಇಕ್ವಲ್?’ ಎಂಬ ಫಂಕ್ಷನ್ ಎರಡು ಸ್ಟ್ರಿಂಗ್‌ಗಳನ್ನು ಸಂಕೇತಕ್ಕೆ ಸಂಕೇತ ಹೋಲಿಸುತ್ತದೆ, ಎರಡು ಆಬ್ಜೆಕ್ಟುಗಳನ್ನಾದರೆ ಅವು ಒಂದೇ ವಸ್ತುವೇ ಎಂದಷ್ಟೇ ನೋಡುತ್ತದೆ. ಒಂದೇ ಪಠ್ಯದಿಂದ ಹುಟ್ಟಿದ ಎರಡು ಅಕ್ಷರಮಾಲೆಗಳು ಹೀಗೆ ಅಸಮಾನವಾಗುತ್ತವೆ. ಕ್ಲಾಸನ್ನು ಪಾರದರ್ಶಕವೆಂದು ಘೋಷಿಸಿ, ಒಳಗಿನ ಫೀಲ್ಡ್‌ಗಳನ್ನು ಭಾಷೆಯೇ ಹೋಲಿಸುವಂತೆ ಬಿಡುವ ಸುಲಭ ದಾರಿಯೊಂದಿದೆ. ಆದರೆ ಕನ್ನಡ ಪಠ್ಯಕ್ಕೆ ಅದು ಸಾಲದು. ‘ಕೋ’ ಎಂಬ ಅಕ್ಷರವನ್ನು ಕಕಾರದ ಮುಂದೆ ಓಕಾರದ ಒಂದೇ ಚಿಹ್ನೆಯಿಟ್ಟು ಬರೆಯಬಹುದು, ಅಥವಾ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆ ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡ್ ಕೂಡ ಎರಡೂ ಸಮಾನವೆಂದೇ ವಿಧಿಸುತ್ತದೆ. ಸ್ಟ್ರಿಂಗ್‌ಗಳಾಗಿ ಮಾತ್ರ ಒಂದರ ಉದ್ದ 2, ಇನ್ನೊಂದರದು 4, ‘ಇಕ್ವಲ್?’ ಇವೆರಡನ್ನೂ ಬೇರೆ ಎನ್ನುತ್ತದೆ. ಬೇರೆ ಬೇರೆ ಮೂಲಗಳಿಂದ ಬಂದ ಪಠ್ಯಗಳನ್ನು ಬೆರೆಸಿದಾಗ ಇದು ಪುಸ್ತಕದ ಸಮಸ್ಯೆಯಾಗಿ ಉಳಿಯುವುದಿಲ್ಲ. ಹಾಗಾಗಿ ಆಬ್ಜೆಕ್ಟ್ ಹುಟ್ಟುವಾಗಲೇ ಪಠ್ಯವನ್ನು ಎನ್‌ಎಫ್‌ಸಿ ಎಂಬ ಜೋಡಿಸಿದ ರೂಪಕ್ಕೆ ತಂದು, ಆ ರೂಪವನ್ನಷ್ಟೇ ಇಟ್ಟುಕೊಂಡು, ಹೋಲಿಕೆಯನ್ನು ನಾನೇ ಬರೆಯುವುದೆಂದು ನಿಶ್ಚಯಿಸಿದೆ. ಈ ಒಂದು ವಿಷಯದಲ್ಲಿ ನನ್ನ ಆಬ್ಜೆಕ್ಟ್ ಭಾಷೆಯ ಸ್ವಂತ ಸ್ಟ್ರಿಂಗಿಗಿಂತ ಮೇಲಾಯಿತೆಂದೇ ಹೇಳಬೇಕು.

ಅದಕ್ಕೆ ‘ಇಕ್ವಲ್<%>’ ಎಂಬ ಇಂಟರ್‌ಫೇಸ್. ಅದು ಕೇಳುವ ಮೂರು ಮೆಥಡ್‌ಗಳಲ್ಲಿ ಒಂದು ಹೋಲಿಕೆಗೆ, ಉಳಿದೆರಡು ಹ್ಯಾಶ್ ಸಂಖ್ಯೆಗಳಿಗೆ, ಅಂದರೆ ಕೋಷ್ಟಕದಲ್ಲಿ ವಸ್ತುವಿನ ಜಾಗ ಗೊತ್ತುಮಾಡುವ ಸಂಖ್ಯೆಗಳಿಗೆ. ಹೋಲಿಕೆಯ ಮೆಥಡ್‌ಗೆ ಎದುರಿನ ಆಬ್ಜೆಕ್ಟಿನ ಜೊತೆಗೆ ಒಂದು ಫಂಕ್ಷನ್ ಕೂಡ ಬರುತ್ತದೆ. ಒಳಗಿನ ಭಾಗಗಳನ್ನು ಹೋಲಿಸುವಾಗ ನಮ್ಮದೇ ‘ಇಕ್ವಲ್?’ ಕರೆಯುವ ಬದಲು ಕೈಗಿತ್ತ ಆ ಫಂಕ್ಷನ್ನನ್ನೇ ಬಳಸಬೇಕು. ಸುತ್ತಿ ಸುತ್ತಿ ತನ್ನನ್ನೇ ಒಳಗೊಂಡ ದತ್ತಾಂಶಗಳಲ್ಲಿ ಹೋಲಿಕೆ ಕೊನೆಯಿಲ್ಲದೆ ಓಡದಂತೆ ನೋಡಿಕೊಳ್ಳುವ ಲೆಕ್ಕವೆಲ್ಲ ಅದರಲ್ಲಿರುತ್ತದೆ. ಹ್ಯಾಶ್ ಮೆಥಡ್‌ಗಳಿಗೂ ಇದೇ ಕ್ರಮ. ಸಮಾನವಾದ ಎರಡು ಆಬ್ಜೆಕ್ಟುಗಳಿಗೆ ಒಂದೇ ಹ್ಯಾಶ್ ಸಂಖ್ಯೆ ಬರಲೇಬೇಕೆಂಬ ನಿಯಮ ಎಲ್ಲ ಭಾಷೆಗಳಿಗೂ ಸಮಾನವಾದದ್ದು; ಎನ್‌ಎಫ್‌ಸಿ ರೂಪದ ಪಠ್ಯದಿಂದಲೇ ಎರಡನ್ನೂ ಲೆಕ್ಕ ಹಾಕಿದ್ದರಿಂದ ಅದು ತಾನಾಗಿ ಪಾಲನೆಯಾಯಿತು. ಆಬ್ಜೆಕ್ಟನ್ನು ಬದಲಿಸುವ ಯಾವ ಮೆಥಡ್ಡನ್ನೂ ನಾನು ಬರೆಯಲಿಲ್ಲ. ಕೋಷ್ಟಕದಲ್ಲಿ ಕೀಲಿಯಾಗಿ ಕೂತ ವಸ್ತುವಿನ ಒಳಗು ಬದಲಾದರೆ ಅದರ ಹ್ಯಾಶ್ ಸಂಖ್ಯೆಯೂ ಬದಲಾಗಿ, ಇಟ್ಟ ಜಾಗದಲ್ಲಿ ಇದ್ದೂ ಸಿಗದಂತಾಗುತ್ತದೆ. ಫಂಕ್ಷನಲ್ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಈ ಸಂಯಮ ಹೇಗೂ ರೂಢಿಯದ್ದೇ.

ಇಲ್ಲಿ ಒಂದು ತೊಡಕು ಎದುರಾಯಿತು. ರಾಕೆಟ್‌ನಲ್ಲಿ ಕ್ಲಾಸಿನ ಖಾಸಗಿ ಹೆಸರುಗಳು ಆ ಆಬ್ಜೆಕ್ಟಿಗೆ ಮಾತ್ರ ಖಾಸಗಿ: ಅದೇ ಕ್ಲಾಸಿನ ಇನ್ನೊಂದು ಆಬ್ಜೆಕ್ಟಿನ ಖಾಸಗಿ ಪಠ್ಯವನ್ನು ಹೋಲಿಕೆಗೆಂದು ಇಣುಕಿ ನೋಡಲಾಗುವುದಿಲ್ಲ. ಜಾವಾದಿಂದ ಬಂದವರಿಗೆ ಇದು ವಿಚಿತ್ರವೆನಿಸೀತು. ಬಿಡಿಸಿದ ಅಕ್ಷರಗಳನ್ನು ಕ್ರಮಸಂಖ್ಯೆಯಂತೆ ಇಟ್ಟುಕೊಂಡಿರುವ ಒಳಗಿನ ವೆಕ್ಟರನ್ನು ಹೊರಕೊಡುವ ಮೆಥಡ್ ಒಂದನ್ನು ಸಾರ್ವಜನಿಕವಾಗಿ ಬರೆದರೆ ಕೆಲಸವಾಗುತ್ತದೆ, ಆದರೆ ಆಗ ಯಾರು ಬೇಕಾದರೂ ಆ ವೆಕ್ಟರನ್ನು ಪಡೆದು ಬದಲಿಸಬಹುದು. ಇದಕ್ಕೆ ರಾಕೆಟ್ ಕೊಡುವ ಉತ್ತರ ‘ಡಿಫೈನ್-ಲೋಕಲ್-ಮೆಂಬರ್-ನೇಮ್’. ಅದರಿಂದ ಘೋಷಿಸಿದ ಮೆಥಡ್ ಹೆಸರು ಸಾರ್ವಜನಿಕವಾಗಿದ್ದರೂ ಆ ಹೆಸರಿನ ಅರ್ಥ ಗೊತ್ತಿರುವುದು ಆ ಮಾಡ್ಯೂಲಿಗೆ (ಅದನ್ನು ಬರೆದ ಕಡತಕ್ಕೆ) ಮಾತ್ರ. ಹೊರಗಿನ ಕಡತದಲ್ಲಿ ಅದೇ ಅಕ್ಷರಗಳಲ್ಲಿ ಅದೇ ಹೆಸರನ್ನು ಬರೆದರೂ ಅದು ಬೇರೆಯೇ ಹೆಸರೆಂದು ಪರಿಗಣಿತವಾಗುತ್ತದೆ. ಹೆಸರಿನ ವ್ಯಾಪ್ತಿಯಿಂದಲೇ ಖಾಸಗಿತನವನ್ನು ಸಾಧಿಸುವ ಈ ಉಪಾಯ ನನಗೆ ಬಹಳ ಹಿಡಿಸಿತು, ಮುಂದೆಯೂ ಹಲವು ಕಡೆ ಇದನ್ನೇ ಬಳಸಿದೆ.

ಉಪಕ್ಲಾಸ್ ಬಂದಾಗ ಸಮಾನತೆಯ ಪ್ರಶ್ನೆ ಮತ್ತೆ ಎದ್ದಿತು. ‘ಪೊನ್’ ಎಂಬ ಪಠ್ಯದ ಒಂದು ಅಕ್ಷರಮಾಲೆಯೂ ಅದೇ ಪಠ್ಯದ ಒಂದು ಪದ್ಯಸಾಲೂ ಸಮಾನವೇ? ಪಠ್ಯ ಒಂದೇ, ಆದರೆ ಒಂದರ ಉದ್ದ 2, ಇನ್ನೊಂದರ ಉದ್ದ 1. ಸಮಾನವೆಂದು ಹೇಳಿಸಿಕೊಂಡ ಎರಡು ವಸ್ತುಗಳ ಉದ್ದ ಬೇರೆಯಿದ್ದರೆ ಅವನ್ನು ನಂಬಿ ಬರೆದ ಯಾವ ಫಂಕ್ಷನ್ನೂ ಸರಿಯಾಗಿ ನಡೆಯದು. ‘ಇಕ್ವಲ್<%>’ ವಿಷಯದಲ್ಲಿ ರಾಕೆಟ್ ಒಂದು ಅಪರೂಪದ ನಿಯಮವನ್ನಿಟ್ಟಿದೆ: ಈ ಇಂಟರ್‌ಫೇಸನ್ನು ಪೂರ್ವಜ ಕ್ಲಾಸಿನಿಂದ ಪಡೆಯುವುದು ಬೇರೆ, ತಾನೇ ಹೊಸದಾಗಿ ಘೋಷಿಸುವುದು ಬೇರೆ. ಎರಡು ಆಬ್ಜೆಕ್ಟುಗಳು ಸಮಾನವಾಗಬೇಕಾದರೆ, ಈ ಇಂಟರ್‌ಫೇಸನ್ನು ಬಾಯಿಬಿಟ್ಟು ಘೋಷಿಸಿದ ಅತ್ಯಂತ ಹತ್ತಿರದ ಪೂರ್ವಜ ಕ್ಲಾಸು ಎರಡಕ್ಕೂ ಒಂದೇ ಆಗಿರಬೇಕು. ಪದ್ಯಸಾಲು% ಸುಮ್ಮನೆ ಪಿತ್ರಾರ್ಜಿತವಾಗಿ ಪಡೆದರೆ ಅದರ ಆಬ್ಜೆಕ್ಟುಗಳು ಅಕ್ಷರಮಾಲೆಗಳೊಂದಿಗೆ ಹೋಲಿಕೆಗೆ ಅರ್ಹ, ತಾನೇ ಮರುಘೋಷಿಸಿದರೆ ಎಂದೂ ಸಮಾನವಲ್ಲ. ಕೈಪಿಡಿಯಲ್ಲಿ ಇದನ್ನು ಓದಿದಾಗ ಅನಗತ್ಯ ಜಟಿಲತೆಯೆಂದು ತೋರಿತ್ತು. ನನ್ನ ಎರಡು ಕ್ಲಾಸುಗಳು ಎದುರುಬದುರು ನಿಂತಾಗ ಅದರ ಅಗತ್ಯ ತಿಳಿಯಿತು. ಮೊದಲನೆಯದು ಎರಡನೆಯದಕ್ಕೆ ಸಮಾನ, ಆದರೆ ಎರಡನೆಯದು ಮೊದಲನೆಯದಕ್ಕೆ ಸಮಾನವಲ್ಲ ಎಂಬ ಅಸಂಗತ ಸ್ಥಿತಿಗೆ ಈ ನಿಯಮದಲ್ಲಿ ಎಡೆಯೇ ಇಲ್ಲ. ಪದ್ಯಸಾಲು%ನಲ್ಲಿ ಮರುಘೋಷಿಸಿದೆ.

ಇಷ್ಟಾದರೂ ಅಕ್ಷರಮಾಲೆಯೊಂದನ್ನು ಬರಿಯ ಸ್ಟ್ರಿಂಗಿನೊಂದಿಗೆ ಹೋಲಿಸಿದರೆ ಉತ್ತರ ಯಾವಾಗಲೂ ಸುಳ್ಳೇ. ಎದುರಿಗಿರುವುದು ಸ್ಟ್ರಿಂಗ್ ಎಂದು ಕಂಡ ಕೂಡಲೇ ‘ಇಕ್ವಲ್?’ ನನ್ನ ಮೆಥಡ್ಡನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ಇದು ನಾನು ಕಂಡ ಮೊದಲ ಗೋಡೆ. ಭಾಷೆ ಕೆಲವು ಪ್ರಶ್ನೆಗಳನ್ನು ವಸ್ತುವನ್ನೇ ಕೇಳುತ್ತದೆ, ಇನ್ನು ಕೆಲವಕ್ಕೆ ತನ್ನೊಳಗೇ ಉತ್ತರ ಇಟ್ಟುಕೊಂಡಿರುತ್ತದೆ. ಹೊರಗಿನವರಿಗೆ ಮೊದಲ ಬಗೆಯಲ್ಲಿ ಮಾತ್ರ ಪ್ರವೇಶ. ಈ ಕೆಲಸದಲ್ಲಿ ನನ್ನ ಹೆಚ್ಚಿನ ಹೊತ್ತು ಕಳೆದದ್ದು ಕೋಡ್ ಬರೆಯುವುದರಲ್ಲಲ್ಲ, ಯಾವ ಪ್ರಶ್ನೆ ಯಾವ ಬಗೆಯದು ಎಂದು ಪತ್ತೆಹಚ್ಚುವುದರಲ್ಲಿ.

ಸುತ್ತುವುದು ಮೊದಲ ಬಗೆಯ ಪ್ರಶ್ನೆ. ‘ಫಾರ್’ ಲೂಪು ತನ್ನೆದುರಿನ ವಸ್ತು ಸೀಕ್ವೆನ್ಸ್ (ಅಂಶಗಳನ್ನು ಒಂದೊಂದಾಗಿ ಕೊಡುವ ಸಾಲು) ಹೌದೇ ಎಂದು ಕೇಳುತ್ತದೆ; ‘ಪ್ರಾಪ್:ಸೀಕ್ವೆನ್ಸ್’ ಎಂಬ ಪ್ರಾಪರ್ಟಿಯುಳ್ಳ (ಸ್ಟ್ರಕ್ಟಿಗೆ ಅಂಟಿಸುವ ಗುಣಲಕ್ಷಣವುಳ್ಳ) ಯಾವ ಸ್ಟ್ರಕ್ಟ್ ಆದರೂ ಹೌದೆನ್ನಬಹುದು. ಆದರೆ ಪ್ರಾಪರ್ಟಿಗಳು ಸ್ಟ್ರಕ್ಟ್‌ಗಳ ಲೋಕಕ್ಕೆ ಸೇರಿದವು, ಕ್ಲಾಸಿನ ವ್ಯಾಖ್ಯೆಯಲ್ಲಿ ಅವನ್ನು ಬರೆಯಲು ಜಾಗವೇ ಇಲ್ಲ. ಎರಡು ಲೋಕಗಳ ನಡುವಿನ ಸೇತುವೆ ‘ಇಂಟರ್‌ಫೇಸ್*’, ಹೆಸರಿನ ಕೊನೆಯ ಆ ನಕ್ಷತ್ರ ಚಿಹ್ನೆಯೇ ಇಲ್ಲಿ ಮುಖ್ಯ. ಸಾಮಾನ್ಯ ಇಂಟರ್‌ಫೇಸ್ ಮೆಥಡ್ ಹೆಸರುಗಳನ್ನಷ್ಟೇ ಪಟ್ಟಿಮಾಡಿದರೆ, ನಕ್ಷತ್ರದ ಇಂಟರ್‌ಫೇಸ್ ಪ್ರಾಪರ್ಟಿ ಮತ್ತು ಅದರ ಮೌಲ್ಯದ ಜೋಡಿಗಳನ್ನೂ ಹೊರುತ್ತದೆ, ಅದನ್ನು ಪಾಲಿಸುವ ಕ್ಲಾಸಿನ ಎಲ್ಲ ಆಬ್ಜೆಕ್ಟುಗಳಿಗೂ ಆ ಪ್ರಾಪರ್ಟಿಗಳು ಅಂಟಿಕೊಳ್ಳುತ್ತವೆ. ಪ್ರಾಪರ್ಟಿಯ ಮೌಲ್ಯವಾಗಿ ಕೊಡುವ ಫಂಕ್ಷನ್ ಕ್ಲಾಸಿನ ಹೊರಗೆ ನಿಂತಿರುವುದರಿಂದ ಅದು ಆಬ್ಜೆಕ್ಟಿಗೆ ಸಂದೇಶ ಕಳಿಸಿಯೇ ಒಳಗಿನದನ್ನು ಪಡೆಯಬೇಕು, ಮಾಡ್ಯೂಲಿಗೆ ಸೀಮಿತವಾದ ಮೆಥಡ್ ಹೆಸರು ಇಲ್ಲಿಯೂ ಒದಗಿತು. ವೆಕ್ಟರ್ ತಾನೇ ಒಂದು ಸೀಕ್ವೆನ್ಸ್ ಆದ್ದರಿಂದ ಒಳಗಿನ ಅಕ್ಷರಗಳ ವೆಕ್ಟರನ್ನು ಹಾಗೆಯೇ ಹಿಂದಿರುಗಿಸಿದರೆ ಮುಗಿಯಿತು. ಒಂದೇ ಸಾಲಿನ ಆ ಫಂಕ್ಷನ್ ಬರೆದ ನಂತರ ‘ರಾಷ್ಟ್ರ’ ಪದವನ್ನು ಲೂಪಿಗೆ ಕೊಟ್ಟಾಗ, ಸ್ಟ್ರಿಂಗಿನಲ್ಲಿ 7 ಸಂಕೇತಗಳಾಗಿ ಚದುರಿ ಬರುತ್ತಿದ್ದದ್ದು ‘ರಾ’, ‘ಷ್ಟ್ರ’ ಎಂದು ಎರಡೇ ಸುತ್ತಿನಲ್ಲಿ ಬಂದು ನಿಂತಿತು. ಲೂಪನ್ನು ಹೋಲುವ ಇತರ ಎಲ್ಲ ರೂಪಗಳೂ, ಪಟ್ಟಿ ಕಟ್ಟುವುದು, ಮೊತ್ತ ಹಾಕುವುದು, ಕೋಷ್ಟಕ ತುಂಬುವುದು, ಬೇರೆ ಶ್ರಮವಿಲ್ಲದೆ ಇದರೊಂದಿಗೆ ಬಂದವು.

ವೇಗದ ಮಾತು ಬೇರೆ. ಲೂಪಿನಲ್ಲಿ ಇದು ಪಟ್ಟಿ, ಇದು ವೆಕ್ಟರ್ ಎಂದು ಮೊದಲೇ ನಮೂದಿಸಿದರೆ ಕಂಪೈಲರ್ ಅದನ್ನು ನೇರವಾದ ಎಣಿಕೆಯಾಗಿ ಬಿಡಿಸಿಡುತ್ತದೆ. ಬರಿಯ ಸೀಕ್ವೆನ್ಸ್ ಎಂದಾದರೆ ಓಡುವಾಗ ವಿಚಾರಿಸಿಕೊಂಡು ಸಾಗಬೇಕಾದ್ದರಿಂದ ನಿಧಾನ. ನನ್ನ ಅಕ್ಷರಮಾಲೆಗೂ ಆ ಸೌಲಭ್ಯ ಬೇಕೆಂದು ‘ಡಿಫೈನ್-ಸೀಕ್ವೆನ್ಸ್-ಸಿಂಟ್ಯಾಕ್ಸ್’ ಬಳಸಿ ಒಂದು ಮ್ಯಾಕ್ರೋ ಬರೆದೆ. ಮಾತ್ರೆ ಎಣಿಸುವ ಒಳಲೂಪಿನಲ್ಲಿ ಮಾತ್ರ ಅದನ್ನು ಬಳಸುತ್ತೇನೆ.

ಕ್ರಮಸಂಖ್ಯೆ ಕೊಟ್ಟು ಅಕ್ಷರ ಪಡೆಯುವುದಕ್ಕೆ ನನಗೊಂದು ಆಸೆಯಿತ್ತು. ‘ಪ್ರಾಪ್:ಪ್ರೊಸೀಜರ್’ ಎಂಬ ಪ್ರಾಪರ್ಟಿಯಿದ್ದರೆ ಆಬ್ಜೆಕ್ಟನ್ನೇ ಫಂಕ್ಷನ್ನಿನಂತೆ ಕರೆಯಬಹುದು: ಆವರಣದೊಳಗೆ ಮೊದಲು ಪದ, ನಂತರ 0 ಎಂದು ಬರೆದರೆ ಮೊದಲ ಅಕ್ಷರ ಬರುತ್ತದೆ. ಕ್ಲೋಜರ್ ಭಾಷೆಯಲ್ಲಿ ವೆಕ್ಟರ್‌ಗಳು ಹೀಗೆಯೇ ನಡೆದುಕೊಳ್ಳುತ್ತವೆ, ನೋಡಲು ಬಲು ಚೆಂದ. ಇದನ್ನೂ ಅದೇ ಇಂಟರ್‌ಫೇಸಿಗೆ ಸೇರಿಸಿದೆ, ತಕ್ಷಣ ಕೆಲಸ ಮಾಡಿತು. ಅದರ ಅಡ್ಡಪರಿಣಾಮ ಕಾಣಿಸಿದ್ದು ದೂರದ ಇನ್ನೊಂದು ಕಡೆ. ಹ್ಯಾಶ್ ಕೋಷ್ಟಕದಲ್ಲಿ ಹುಡುಕುವಾಗ ಕೀಲಿ ಸಿಗದಿದ್ದರೆ ಕೊಡಬೇಕಾದ ಬದಲಿ ಮೌಲ್ಯವನ್ನು ಮೂರನೆಯ ಆರ್ಗ್ಯುಮೆಂಟಾಗಿ ಕೊಡಬಹುದು; ಆ ಮೌಲ್ಯ ಫಂಕ್ಷನ್ ಆಗಿದ್ದರೆ ರಾಕೆಟ್ ಅದನ್ನು ಹಿಂದಿರುಗಿಸುವುದಿಲ್ಲ, ಆರ್ಗ್ಯುಮೆಂಟಿಲ್ಲದೆ ಕರೆದು ಬಂದ ಉತ್ತರವನ್ನು ಹಿಂದಿರುಗಿಸುತ್ತದೆ. ಬದಲಿಯಾಗಿ ಖಾಲಿ ಅಕ್ಷರಮಾಲೆಯೊಂದನ್ನು ಕೊಟ್ಟಿದ್ದ ಕಡೆಯಲ್ಲೆಲ್ಲ ಈಗ ಆ ಆಬ್ಜೆಕ್ಟ್ ಫಂಕ್ಷನ್ ಎಂದು ಪರಿಗಣಿತವಾಗಿ, ಆರ್ಗ್ಯುಮೆಂಟುಗಳ ಸಂಖ್ಯೆ ಹೊಂದುತ್ತಿಲ್ಲವೆಂಬ ದೋಷ ಬರತೊಡಗಿತು. ಮೌಲ್ಯಗಳು ನಿಯಮಕ್ಕೆ ಒಪ್ಪುತ್ತವೆಯೇ ಎಂದು ನೋಡುವ ಕಾಂಟ್ರ್ಯಾಕ್ಟ್ ಲೈಬ್ರರಿಯೂ ಒಂದು ಆರ್ಗ್ಯುಮೆಂಟಿನ ಫಂಕ್ಷನ್ ಎಂದರೆ ಪರೀಕ್ಷಕ ಎಂದೇ ಭಾವಿಸುತ್ತದೆ. ಒಂದು ಮಾದರಿಯಂತೆ ನಡೆಯಲು ಹೋದ ವಸ್ತು ತನಗೆ ಬೇಡದ ಇನ್ನೊಂದು ಮಾದರಿಯ ನಡವಳಿಕೆಯನ್ನೂ ಹೊತ್ತು ತಂದಿತ್ತು. ರಾಕೆಟ್‌ನ ಸ್ವಂತ ಸ್ಟ್ರಿಂಗನ್ನು ಹಾಗೆ ಕರೆಯಲು ಬರುವುದಿಲ್ಲ ಎಂಬುದೂ ನೆನಪಾಯಿತು. ಆ ಪ್ರಾಪರ್ಟಿಯನ್ನು ತೆಗೆದುಹಾಕಿ ‘ಅಕ್ಷರ-ಪಡೆ’ ಎಂಬ ಸಾದಾ ಫಂಕ್ಷನ್ನಿಗೆ ಬಂದೆ.

ಎರಡನೆಯ ಬಗೆಯ ಪ್ರಶ್ನೆಗಳ ಪಟ್ಟಿ ಉದ್ದವಾಗಿದೆ. ‘ಸ್ಟ್ರಿಂಗ್-ಲೆಂಗ್ತ್’, ‘ಸ್ಟ್ರಿಂಗ್-ಅಪೆಂಡ್’, ರೆಗ್ಯುಲರ್ ಎಕ್ಸ್‌ಪ್ರೆಷನ್ನಿನ ಹೋಲಿಕೆ, ಇವೆಲ್ಲ ನಿಜವಾದ ಸ್ಟ್ರಿಂಗನ್ನೇ ಕೇಳುತ್ತವೆ, ಯಾವ ಪ್ರಾಪರ್ಟಿಗೂ ಜಗ್ಗುವುದಿಲ್ಲ. ಸಂಖ್ಯೆಗಳ ವಿಷಯವೂ ಹೀಗೆಯೇ: ರಾಕೆಟ್‌ನ ಕೂಡುವ ಚಿಹ್ನೆ ಸಂಖ್ಯೆಗಳಿಗೆ ಮೀಸಲು, ಹ್ಯಾಸ್ಕೆಲ್‌ನಲ್ಲಿ ‘ನಮ್’ ಎಂಬ ಟೈಪ್ ಕ್ಲಾಸಿಗೆ ಇನ್‌ಸ್ಟೆನ್ಸ್ ಬರೆದು ನಮ್ಮ ಮಾದರಿಯನ್ನೂ ಕೂಡಿಸುವಂತೆ ಇಲ್ಲಿ ಮಾಡಲಾಗದು. ಆದರೆ ಹೆಸರನ್ನೇ ಮರೆಮಾಡುವ ದಾರಿಯಿದೆ. ನನ್ನ ಮಾಡ್ಯೂಲು ‘ಸ್ಟ್ರಿಂಗ್-ಲೆಂಗ್ತ್’ ಎಂಬ ಹೆಸರಿನಲ್ಲೇ ತನ್ನದೊಂದು ಫಂಕ್ಷನ್ನನ್ನು ರಫ್ತು ಮಾಡಿ, ಅಕ್ಷರಮಾಲೆ ಬಂದರೆ ತಾನೇ ಉತ್ತರಿಸಿ ಬೇರೇನಾದರೂ ಬಂದರೆ ಮೂಲ ಫಂಕ್ಷನ್ನಿಗೆ ಒಪ್ಪಿಸಬಹುದು; ಅದನ್ನು ಆಮದು ಮಾಡಿಕೊಂಡ ಕಡತದಲ್ಲಿ ಭಾಷೆಯಿಂದ ಬಂದ ಹೆಸರಿನ ಬದಲು ನನ್ನದು ಚಲಾವಣೆಗೆ ಬರುತ್ತದೆ. ಪ್ರಯೋಗವಾಗಿ ಮಾಡಿ ನೋಡಿದೆ, ಆ ಕಡತದ ಮಟ್ಟಿಗೆ ಪರಿಪೂರ್ಣವಾಗಿಯೇ ನಡೆಯಿತು. ಆದರೆ ಈ ಮರೆಮಾಚುವಿಕೆ ಬರೆದ ಕಡತದ ವ್ಯಾಪ್ತಿಗಷ್ಟೇ ಸೀಮಿತ. ಬೇರೆ ಲೈಬ್ರರಿಯ ಫಂಕ್ಷನ್ನೊಂದು ತನ್ನೊಳಗೆ ಕರೆಯುವ ‘ಸ್ಟ್ರಿಂಗ್-ಲೆಂಗ್ತ್’ ಇನ್ನೂ ಹಳೆಯದೇ, ಹಾಗಾಗಿ ನೇರವಾಗಿ ಕೇಳಿದರೆ 3 ಎನ್ನುವ ಆಬ್ಜೆಕ್ಟು ಲೈಬ್ರರಿಯ ಮೂಲಕ ಹೋದಾಗ ದೋಷ ಎಸೆಯುತ್ತದೆ. ಅರ್ಧ ಊರಿಗೆ ಮಾತ್ರ ಅನ್ವಯವಾಗುವ ಕಾನೂನಿನಂತಿದ್ದ ಈ ಏರ್ಪಾಡನ್ನು ಇಟ್ಟುಕೊಳ್ಳುವ ಧೈರ್ಯ ನನಗಾಗಲಿಲ್ಲ.

ಅದರ ಬದಲು ದಿಕ್ಕನ್ನೇ ತಿರುಗಿಸಿದೆ. ನನ್ನ ಆಬ್ಜೆಕ್ಟು ಸ್ಟ್ರಿಂಗಿನ ಫಂಕ್ಷನ್ನುಗಳಿಗೆ ಹೊಂದಿಕೊಳ್ಳುವ ಬದಲು, ಸ್ಟ್ರಿಂಗೇ ನನ್ನ ಫಂಕ್ಷನ್ನುಗಳಿಗೆ ಹೊಂದಿಕೊಳ್ಳಲಿ. ‘ಡಿಫೈನ್-ಜೆನೆರಿಕ್ಸ್’ ಎಂಬ ರೂಪದಿಂದ ‘ಉದ್ದ’, ‘ತುಂಡು’, ‘ಜೋಡಿಸು’ ಎಂಬ ಜೆನೆರಿಕ್ ಫಂಕ್ಷನ್ನುಗಳನ್ನು, ಅಂದರೆ ಬಂದ ವಸ್ತುವಿನ ಬಗೆ ನೋಡಿ ನಡೆಯುವ ಫಂಕ್ಷನ್ನುಗಳನ್ನು, ಘೋಷಿಸಿದೆ. ಅದರ ‘ಡಿಫಾಲ್ಟ್ಸ್’ ಎಂಬ ಭಾಗದಲ್ಲಿ, ಬಂದದ್ದು ಸ್ಟ್ರಿಂಗ್ ಆದರೆ ಅದನ್ನು ಅಕ್ಷರಮಾಲೆಯಾಗಿಸಿ ಉತ್ತರಿಸಬೇಕೆಂದೂ, ಅಕ್ಷರಮಾಲೆಯೇ ಆದರೆ ಅದಕ್ಕೆ ಸಂದೇಶ ಕಳಿಸಬೇಕೆಂದೂ ಬರೆದೆ. ಈಗ ನನ್ನ ಸಾಧನದ ಉಳಿದ ಭಾಗಕ್ಕೆ ಕೈಯಲ್ಲಿರುವುದು ಬರಿಯ ಸ್ಟ್ರಿಂಗೋ ಆಬ್ಜೆಕ್ಟೋ ಎಂಬ ಚಿಂತೆಯೇ ಇಲ್ಲ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಭಾಗ ಇದೇ.

‘ಜೋಡಿಸು’ ಎಂಬ ಫಂಕ್ಷನ್ನಿನಲ್ಲಿ ಮಾತ್ರ ನಾನು ಎದುರುನೋಡದ ಒಂದು ಸಂಗತಿಯಿತ್ತು. ಸ್ಟ್ರಿಂಗುಗಳ ವಿಷಯದಲ್ಲಿ ಒಂದು ನಿಯಮವನ್ನು ನಾವು ಯೋಚಿಸದೆಯೇ ನಂಬಿರುತ್ತೇವೆ: ಎರಡನ್ನು ಜೋಡಿಸಿದಾಗ ಬರುವ ಉದ್ದ ಎರಡರ ಉದ್ದಗಳ ಮೊತ್ತ. ‘ಕನ್’ ಎಂಬ ಅಕ್ಷರಮಾಲೆಯ ಉದ್ದ 2, ‘ನಡ’ ಎಂಬುದರ ಉದ್ದ 2, ಜೋಡಿಸಿದರೆ ‘ಕನ್ನಡ’, ಅದರ ಉದ್ದ 3. ಗಡಿಯಲ್ಲಿ ಹಲಂತವೂ ವ್ಯಂಜನವೂ ಸೇರಿ ಒತ್ತಕ್ಷರವಾಗುತ್ತವೆ, ಒಂದು ಘಟಕ ಕಾಣೆಯಾಗುತ್ತದೆ. ಎರಡು ವೆಕ್ಟರ್‌ಗಳನ್ನು ಹಾಗೆಯೇ ಒಂದರ ಮುಂದೆ ಒಂದಿಟ್ಟು ಉದ್ದದ ನಿಯಮವನ್ನು ಉಳಿಸಿಕೊಳ್ಳಬಹುದಿತ್ತು, ಆದರೆ ಆಗ ಒಂದೇ ಪಠ್ಯದಿಂದ ಎರಡು ದಾರಿಯಲ್ಲಿ ಹುಟ್ಟಿದ ಎರಡು ಅಕ್ಷರಮಾಲೆಗಳು, ಒಂದು 3 ಘಟಕಗಳದ್ದು, ಇನ್ನೊಂದು 4 ಘಟಕಗಳದ್ದು, ಪರಸ್ಪರ ಸಮಾನವೆಂದು ಹೇಳಿಕೊಂಡು ಅಡ್ಡಾಡುತ್ತಿದ್ದವು. ಕನ್ನಡ ಬರವಣಿಗೆಯ ಸ್ವಭಾವಕ್ಕೂ ಅದು ಹೊಂದದು. ಆದ್ದರಿಂದ ಪಠ್ಯಗಳನ್ನು ಜೋಡಿಸಿ ಮತ್ತೆ ಮೊದಲಿನಿಂದ ಬಿಡಿಸುವುದೆಂದು ನಿರ್ಧರಿಸಿ, ಉದ್ದ ಕೂಡುವುದಿಲ್ಲವೆಂಬ ಎಚ್ಚರಿಕೆಯನ್ನು ಫಂಕ್ಷನ್ನಿನ ವಿವರಣೆಯಲ್ಲಿ ಸೇರಿಸಿದೆ. ಅಕ್ಷರಗಳ ಗಡಿಯಲ್ಲಿ ತುಂಡುಮಾಡಿ ಮತ್ತೆ ಅದೇ ಕ್ರಮದಲ್ಲಿ ಜೋಡಿಸಿದರೆ ಮೂಲ ಪದ ದೊರೆಯುತ್ತದೆ ಎಂಬ ಇನ್ನೊಂದು ನಿಯಮ ಮಾತ್ರ ಭದ್ರವಾಗಿ ಉಳಿಯಿತು. ‘ಸಾಫ್ಟ್‌ವೇರ್’ ಪದದಲ್ಲಿ ಹಲಂತದ ನಂತರ ಬರುವ ಅಗೋಚರ ವಿಭಜಕವನ್ನು ಹಿಂದಿನ ಘಟಕಕ್ಕೇ ಸೇರಿಸಿದ್ದರಿಂದ ಅದೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಪ್ರಾಪರ್ಟಿಗಳನ್ನು ಅಂಟಿಸಿ ನಡವಳಿಕೆಯನ್ನು ತರುವುದು ಸುಲಭ, ಆ ನಡವಳಿಕೆಯ ಹಿಂದಿರುವ ನಿಯಮಗಳನ್ನು ತರುವುದು ಕಷ್ಟ. ಅವುಗಳಲ್ಲಿ ಯಾವುದನ್ನು ಬಿಟ್ಟುಕೊಡಬೇಕೆಂಬುದನ್ನು ಭಾಷೆ ಹೇಳಿಕೊಡುವುದಿಲ್ಲ.

ತುಂಡುಮಾಡಿದಾಗ ಹುಟ್ಟುವ ಹೊಸ ಆಬ್ಜೆಕ್ಟ್ ಯಾವ ಕ್ಲಾಸಿನದಾಗಿರಬೇಕು ಎಂಬುದಕ್ಕೆ ‘ದಿಸ್%’ ಎಂಬ ಹೆಸರು ನೆರವಾಯಿತು. ಅದು ಈ ಆಬ್ಜೆಕ್ಟಿನ ನಿಜವಾದ ಕ್ಲಾಸನ್ನೇ ಸೂಚಿಸುವುದರಿಂದ ಪದ್ಯಸಾಲಿನ ತುಂಡು ಪದ್ಯಸಾಲೇ ಆಗಿರುತ್ತದೆ, ಮೂಲ ಕ್ಲಾಸಿನ ಕೋಡನ್ನು ಮುಟ್ಟಬೇಕಿಲ್ಲ.

ಈಗ ಸಾಧನದ ಹೆಚ್ಚಿನ ಭಾಗ ಅಕ್ಷರಮಾಲೆಯನ್ನು ಬೇರೆ ಮಾದರಿಯೆಂದು ಭಾವಿಸದೆಯೇ ನಡೆಯುತ್ತದೆ. ವಸ್ತುವಿನ ಆಕಾರ ಹೊಂದಿಸಿ ನೋಡುವ ‘ಮ್ಯಾಚ್’ ರೂಪದಲ್ಲಿ ಅದನ್ನು ಬಿಡಿಸಿ ನೋಡಲು ಒಂದು ಮ್ಯಾಚ್ ಎಕ್ಸ್‌ಪ್ಯಾಂಡರ್ (ಆ ರೂಪಕ್ಕೆ ಹೊಸ ಆಕಾರ ಕಲಿಸುವ ಮ್ಯಾಕ್ರೋ) ಬರೆದಿದ್ದೇನೆ. ಅದರಿಂದ ‘ಮೊದಲ ಅಕ್ಷರ, ಅದರ ನಂತರ ಒತ್ತಕ್ಷರ, ಆಮೇಲೆ ಉಳಿದದ್ದು’ ಎಂಬ ಆಕಾರದಲ್ಲೇ ಗುರುವಿನ ನಿಯಮಗಳನ್ನು ಬರೆಯಲು ಸಾಧ್ಯವಾಯಿತು: ‘ಕನ್ನಡ’ದ ‘ಕ’ ಗುರು, ಉಳಿದೆರಡು ಲಘು, ಒಟ್ಟು 4 ಮಾತ್ರೆ. ಕಡತಕ್ಕೆ ಬರೆಯುವುದು, ರೆಗ್ಯುಲರ್ ಎಕ್ಸ್‌ಪ್ರೆಷನ್ನಿಗೆ ಕೊಡುವುದು, ಹೊರಗಿನ ಲೈಬ್ರರಿಗೆ ಒಪ್ಪಿಸುವುದು ಮುಂತಾದ ಕಡೆಗಳಲ್ಲಿ ‘ಪಠ್ಯ’ ಎಂಬ ಮೆಥಡ್ ಕರೆದು ಬರಿಯ ಸ್ಟ್ರಿಂಗನ್ನು ತೆಗೆದುಕೊಳ್ಳುತ್ತೇನೆ. ಆ ಕರೆಗಳೆಲ್ಲವನ್ನೂ ಒಂದೇ ಮಾಡ್ಯೂಲಿನಲ್ಲಿ ಇಟ್ಟಿರುವುದರಿಂದ, ಗೋಡೆ ಎಲ್ಲಿದೆಯೆಂದು ಮುಂದೆ ಕೋಡ್ ಓದುವವರು ಹುಡುಕಬೇಕಾಗುವುದಿಲ್ಲ.